ಜೂನ್ ತಿಂಗಳ ಎರಡು ಬಿತ್ತನೆ



ಮೇ ತಿಂಗಳು ಮುಗೀತಾ ಬಂತೆಂದರೆ ನಮ್ಮ ಮನೆಗಳಿಗೆ ಎರಡು ಚಿಂತೆ ಒಟ್ಟಿಗೇ ಬಂದು ಕೂರುತ್ತವೆ. ಒಂದು, ಮಳೆ ಬಂದರೆ ಬೀಜ ಗೊಬ್ಬರಕ್ಕೆ ದುಡ್ಡೆಲ್ಲಿ ಎಂಬುದು. ಇನ್ನೊಂದು, ಹೈಸ್ಕೂಲು ಶುರುವಾದರೆ ನೋಟುಬುಕ್ಕು, ಚೀಲ, ಚಪ್ಪಲಿ, ಫೀಜಿಗೆ ದುಡ್ಡೆಲ್ಲಿ ಎಂಬುದು. ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ ಅಂತ ಹಿರಿಯರು ಹೇಳಿಹೋದರು. ಆದರೆ ಮುಂಗಾರಿನ ಬೆಳೆ ಕೈಗೆ ಬಂದು ದುಡ್ಡಾಗುವುದು ದೀಪಾವಳಿ ಆಚೆ ಈಚೆ. ಶಾಲೆಯ ಖರ್ಚು ಬರುವುದು ಜೂನ್ ಮೊದಲನೇ ವಾರ. ನೌಕರಿಯವನಿಗೆ ತಿಂಗಳಿಗೊಂದು ಸುಗ್ಗಿ, ನಮಗೆ ವರ್ಷಕ್ಕೊಂದು. ಅದೂ ಮಳೆ ಕೈಕೊಡದಿದ್ದರೆ.

"ಬೆಲೆ, ಸಾಲದ ವಿಷಯ ಬರೆಯೋದು ಬಿಟ್ಟು ಇವನೇನು ಶಾಲೆ ವಿಷಯ ಹಿಡಿದು ಕೂತ" ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಸ್ವಾಮಿ, ನಾನು ಬರೆಯುತ್ತಿರುವುದು ಸಾಲದ ವಿಷಯವನ್ನೇ. ಬೆಳೆಸಾಲ ಸೊಸೈಟಿ ಪುಸ್ತಕದಲ್ಲಿ ಇರುತ್ತದೆ. ಟ್ರ್ಯಾಕ್ಟರ್ ಸಾಲ ಬ್ಯಾಂಕಿನ ಪುಸ್ತಕದಲ್ಲಿ ಇರುತ್ತದೆ. ಮಗಳ ಶಾಲೆಗೆ ಅಂತ ಕಿವಿಯ ಓಲೆ ಒತ್ತೆ ಇಟ್ಟು ತಂದ ಸಾಲ ಯಾರ ಪುಸ್ತಕದಲ್ಲಿದೆ? ಸಾಲ ಮನ್ನಾ ಆದಾಗಲೂ ಆ ಸಾಲ ಮನ್ನಾ ಆಗುವುದಿಲ್ಲ. ಅದಕ್ಕೆ ಹೆಸರೇ ಇಲ್ಲ.

ನನ್ನ ಮನೆಯ ಲೆಕ್ಕವನ್ನೇ ಮೊದಲು ಹೇಳುತ್ತೇನೆ. ಊರಿಗೆಲ್ಲ ಬುದ್ಧಿ ಹೇಳುವವನು ತನ್ನ ತಪ್ಪು ಮುಚ್ಚಿಡಬಾರದು. 2004ರಲ್ಲಿ ನನ್ನ ಮಗಳು ಏಳನೇ ಕ್ಲಾಸು ಮುಗಿಸಿದಳು. ಹೈಸ್ಕೂಲು ಆರು ಕಿಲೋಮೀಟರು ದೂರ. ಬೆಳಗ್ಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಆ ವರ್ಷ ಮಳೆಯೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. "ಒಂದು ವರ್ಷ ಮನೇಲಿರು, ಮುಂದಿನ ವರ್ಷ ಸೇರಿಸ್ತೀನಿ" ಅಂದೆ. ಮುಂದಿನ ವರ್ಷ ಬರಲೇ ಇಲ್ಲ. ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು 2006-07ರಲ್ಲಿ. ಆ ಹೊತ್ತಿಗೆ ನನ್ನ ಮಗಳು ಕಳೆ ತೆಗೆಯುವುದರಲ್ಲಿ ಊರಿಗೇ ಗಟ್ಟಿಗಿತ್ತಿ ಅನ್ನಿಸಿಕೊಂಡಿದ್ದಳು.

ಅದೇ 2006ರಲ್ಲಿ ಮಗನನ್ನು ತಾಲ್ಲೂಕಿನ ಒಂದು ಖಾಸಗಿ ಶಾಲೆಗೆ ಹಾಕಿದೆ. ಅವನಿಗೆ ದುಡ್ಡು ಎಲ್ಲಿಂದ ಬಂತು? ದಲಾಲಿ ಅಂಗಡಿಯಿಂದ, ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ ಮೂವತ್ತಾರು. ಜೊತೆಗೆ ಒಂದು ಷರತ್ತು: ಮಾಲು ಅವರ ಅಂಗಡಿಗೇ ಹಾಕಬೇಕು. ಸುಗ್ಗಿಯಲ್ಲಿ ಅವರು ಹೇಳಿದ್ದೇ ದರ, ಅವರು ಹಿಡಿದದ್ದೇ ತೂಕ. ಅತ್ತ ವೇದಿಕೆ ಮೇಲೆ ನಿಂತು ನ್ಯಾಯಬೆಲೆ ಬೇಕು ಅಂತ ಕೂಗುತ್ತಿದ್ದವನು ನಾನೇ. ಇತ್ತ ಜೂನ್ ತಿಂಗಳಲ್ಲೇ ನನ್ನ ಬೆಳೆಯ ಬೆಲೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಬಂದವನೂ ನಾನೇ. ಶಾಲೆಯ ಸಾಲ ಬೆಳೆಯ ಬೆಲೆಯನ್ನು ಹೇಗೆ ತಿನ್ನುತ್ತದೆ ಅಂತ ಅವತ್ತು ಗೊತ್ತಾಯಿತು. ಮಗನನ್ನು ಓದಿಸಿದ್ದು ತಪ್ಪಲ್ಲ. ಮಗಳನ್ನು ಬಿಡಿಸಿದ್ದು ತಪ್ಪು. ಎರಡಕ್ಕೂ ಮುಂಚೆ ಕೂತು ಲೆಕ್ಕ ಹಾಕದೆ ಇದ್ದದ್ದು ದೊಡ್ಡ ತಪ್ಪು.

ಈಗ ಸರ್ಕಾರದ ಲೆಕ್ಕ ನೋಡೋಣ. ಬೆಂಬಲ ಬೆಲೆ ನಿಗದಿ ಮಾಡುವಾಗ ದೆಹಲಿಯ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದವರು ಬೀಜ, ಗೊಬ್ಬರ, ಔಷಧಿ, ಕೂಲಿ, ಎತ್ತು, ಯಂತ್ರ ಎಲ್ಲ ಹಿಡಿಯುತ್ತಾರೆ. ಮನೆಯವರ ದುಡಿಮೆಗೆ ಒಂದು ಅಂದಾಜು ಕೂಲಿ ಹಾಕುತ್ತಾರೆ. ಅದರ ಒಂದೂವರೆ ಪಟ್ಟು ಕೊಟ್ಟಿದ್ದೇವೆ ಅಂತ 2018ರಿಂದ ಹೇಳುತ್ತಾ ಬಂದಿದ್ದಾರೆ. ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಸೇರಿದ ಪೂರ್ತಿ ಖರ್ಚಿನ ಮೇಲೆ ಒಂದೂವರೆ ಪಟ್ಟು ಕೊಡಿ ಎಂಬುದು ನಮ್ಮ ಹಳೆಯ ಜಗಳ. ಅದು ಇರಲಿ. ಆ ಪಟ್ಟಿಯಲ್ಲಿ ಎಲ್ಲಾದರೂ ರೈತನ ಮಗುವಿನ ಪಾಟೀಚೀಲ ಇದೆಯೇ? ಎತ್ತಿನ ಮೇವಿಗೆ ಲೆಕ್ಕ ಉಂಟು, ಮಕ್ಕಳ ಓದಿಗೆ ಇಲ್ಲ.

ಅದೇ ಕೇಂದ್ರ ಸರ್ಕಾರ ತನ್ನ ನೌಕರರಿಗೆ ಮಕ್ಕಳ ವಿದ್ಯಾಭ್ಯಾಸದ ಭತ್ಯೆ ಕೊಡುತ್ತದೆ. ಏಳನೇ ವೇತನ ಆಯೋಗದ ನಂತರ ಅದು ಮಗುವೊಂದಕ್ಕೆ ತಿಂಗಳಿಗೆ 2,250 ರೂಪಾಯಿ ಇತ್ತು. 2024ರಲ್ಲಿ ತುಟ್ಟಿಭತ್ಯೆ ಏರಿದಾಗ ಇದೂ ತಾನಾಗಿ ಏರಿ 2,812 ರೂಪಾಯಿ 50 ಪೈಸೆ ಆಯಿತು. ವರ್ಷಕ್ಕೆ 33,750. ಎರಡು ಮಕ್ಕಳವರೆಗೆ ಸಿಗುತ್ತದೆ. ಅವರಿಗೆ ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ, ಅವರ ಮಕ್ಕಳೂ ಮಕ್ಕಳೇ. ಓದಿಸುವುದು ಸಂಸಾರದ ಖರ್ಚು ಅಂತ ಸರ್ಕಾರಕ್ಕೆ ಗೊತ್ತಿದೆ ಅಂತಾಯಿತಲ್ಲ! ಗೊತ್ತಿದ್ದೂ ನಮ್ಮ ಪಟ್ಟಿಯಲ್ಲಿ ಬರೆಯಲಿಲ್ಲ.

2025ರ ಸುಗ್ಗಿ ನೆನಪು ಮಾಡಿಕೊಳ್ಳಿ. ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ನವೆಂಬರಿನಲ್ಲಿ ನಮ್ಮ ಕಡೆ ಮಾರುಕಟ್ಟೆಯಲ್ಲಿ 1,600ರಿಂದ 1,800ಕ್ಕೆ ಕೇಳುತ್ತಿದ್ದರು. ಗದಗ, ಹಾವೇರಿ ಕಡೆ ರೈತರು ರಸ್ತೆಗಿಳಿದರು. 1,700ರಂತೆಯೇ ಮಾರಿದ ಅಂತ ಇಟ್ಟುಕೊಳ್ಳಿ. ಕ್ವಿಂಟಾಲಿಗೆ 700 ಹೋಯಿತು. ಎರಡು ಎಕರೆಯಲ್ಲಿ 40 ಕ್ವಿಂಟಾಲು ಬೆಳೆದವನಿಗೆ 28,000 ಹೋಯಿತು. ಎರಡು ಮಕ್ಕಳನ್ನು ಸರ್ಕಾರಿ ಹೈಸ್ಕೂಲಿನಲ್ಲಿ ಓದಿಸಲು, ಮೈತುಂಬ ಬಟ್ಟೆ, ಕೈತುಂಬ ಪುಸ್ತಕ ಕೊಡಿಸಲು ಅಷ್ಟು ದುಡ್ಡು ಸಾಕು, ಮಿಕ್ಕುತ್ತದೆ. ನಮ್ಮ ಮಕ್ಕಳ ಫೀಜು ನಮ್ಮ ಹತ್ತಿರ ಇಲ್ಲದೇ ಇಲ್ಲ, ಮಾರುಕಟ್ಟೆಯಲ್ಲಿ ಕಳಕೊಂಡು ಬಂದಿದ್ದೇವೆ. ಕಳಕೊಂಡದ್ದನ್ನೇ ಜೂನ್‌ನಲ್ಲಿ ಬಡ್ಡಿ ಕೊಟ್ಟು ಸಾಲವಾಗಿ ತರುತ್ತೇವೆ. ಮೈಕ್ರೋ ಫೈನಾನ್ಸಿನವರ ಕಿರುಕುಳ ತಡೆಯಲು 2025ರಲ್ಲಿ ರಾಜ್ಯದಲ್ಲಿ ಕಾನೂನು ಬಂತು, ಒಳ್ಳೆಯದೇ. ಆದರೆ ವಾರದ ಕಂತಿನ ಸಾಲ ತಂದು ಶಾಲೆಗೆ ಕಟ್ಟುವ ಗತಿ ಯಾಕೆ ಬಂತು ಅಂತ ಆ ಕಾನೂನು ಕೇಳುವುದಿಲ್ಲ.

ಹಾಗಂತ ಬೆಲೆ ಸಿಗುವ ತನಕ ಮಕ್ಕಳನ್ನು ಕೂರಿಸಲಿಕ್ಕಾಗುತ್ತದೆಯೇ? ಬೆಳೆ ತಪ್ಪಿದರೆ ಮುಂದಿನ ಮಳೆಗೆ ಬಿತ್ತಬಹುದು, ಹದಿಮೂರು ವರ್ಷ ಮತ್ತೆ ಬರುವುದಿಲ್ಲ. ಆದ್ದರಿಂದ ಈ ಮೇ ತಿಂಗಳಲ್ಲೇ ಮಾಡಬೇಕಾದ ಕೆಲಸ ಕೆಲವು ಹೇಳುತ್ತೇನೆ.

ಮೊದಲು ಕಾಗದಪತ್ರ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಅರ್ಜಿ ಹಾಕಿ, ಜುಲೈನಲ್ಲಿ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಶಾಲೆಯ ದಾಖಲೆಯಲ್ಲಿರುವ ಹೆಸರು, ಆಧಾರದಲ್ಲಿರುವ ಹೆಸರು ಒಂದೇ ಇದೆಯೇ ನೋಡಿ. ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ವಿದ್ಯಾರ್ಥಿವೇತನ ನಿಲ್ಲುತ್ತದೆ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಕೇಳಿ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಹೈಸ್ಕೂಲು ಹೆಣ್ಣುಮಕ್ಕಳಿಗೆ ವರ್ಷಕ್ಕೆ 2,000 ರೂಪಾಯಿ ಅಂತ ಗೊತ್ತುಮಾಡಿದ್ದರು. ಅದಕ್ಕೆ ರೈತನ ಫ್ರೂಟ್ಸ್ ಸಂಖ್ಯೆ ಬೇಕು. ಆಗಿಲ್ಲದಿದ್ದರೆ ಬೀಜ ತರಲು ರೈತ ಸಂಪರ್ಕ ಕೇಂದ್ರಕ್ಕೆ ಹೋದ ದಿನವೇ ಮಾಡಿಸಿ, ಈ ವರ್ಷ ಏನು ಬರುತ್ತದೆ ಅಂತಲೂ ಅಲ್ಲೇ ಕೇಳಿ. ಎರಡು ಬಿತ್ತನೆಗೂ ಒಂದೇ ಓಡಾಟ.

ಎರಡನೆಯದು, ಸರ್ಕಾರಿ ಹೈಸ್ಕೂಲನ್ನು ಬಿಡುವ ಮುಂಚೆ ಹತ್ತು ಸಲ ಯೋಚಿಸಿ. ಪಠ್ಯಪುಸ್ತಕ, ಸಮವಸ್ತ್ರ, ಹತ್ತನೇ ಕ್ಲಾಸಿನ ತನಕ ಮಧ್ಯಾಹ್ನದ ಊಟ ಅಲ್ಲಿದೆ. "ಗಣಿತಕ್ಕೆ ಮಾಸ್ತರಿಲ್ಲ" ಅಂತ ನೀವು ಹೇಳುವುದು ಎಷ್ಟೋ ಕಡೆ ನಿಜ. ಆದರೆ ಮಾಸ್ತರಿಲ್ಲ ಅಂತ ಒಬ್ಬೊಬ್ಬರೇ ಸಾಲ ಮಾಡಿ ವ್ಯಾನು ಹತ್ತಿಸಿದರೆ ಆ ಶಾಲೆಗೆ ಮಾಸ್ತರು ಎಂದೂ ಬರುವುದಿಲ್ಲ. ಐವತ್ತು ಮನೆಯವರು ಸೇರಿ ಬಿಇಓ ಕಚೇರಿ ಮುಂದೆ ಕೂತರೆ ಅತಿಥಿ ಶಿಕ್ಷಕರಾದರೂ ಬರುತ್ತಾರೆ. ಎಸ್‌ಡಿಎಂಸಿ ಸಭೆಗೆ ಊರ ಗೌಡರ ಕಡೆಯವರು ಮಾತ್ರ ಹೋಗಬೇಕು ಅಂತ ಎಲ್ಲೂ ಬರೆದಿಲ್ಲ. ನೀವೂ ಹೋಗಿ. ತಾಯಂದಿರು ಮೊದಲು ಹೋಗಿ.

ಮೂರನೆಯದು ದಾರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ಚಾರ್ಜಿಲ್ಲ. ಆದರೆ ಬಸ್ಸೇ ಬಾರದ ಊರಿಗೆ ಉಚಿತ ಟಿಕೇಟು ಕಟ್ಟಿಕೊಂಡು ಏನು ಮಾಡೋಣ? ಶಾಲೆ ಶುರುವಾದ ಮೇಲೆ ಅರ್ಜಿ ಕೊಡುವುದಲ್ಲ. ಎಷ್ಟು ಮಕ್ಕಳು, ಯಾವ ಊರು, ಎಷ್ಟು ಗಂಟೆಗೆ ಬೆಲ್ಲು ಅಂತ ಪಟ್ಟಿ ಮಾಡಿ ಮೇ ತಿಂಗಳಲ್ಲೇ ಡಿಪೋ ಮ್ಯಾನೇಜರಿಗೆ ಕೊಟ್ಟು, ನಕಲಿಗೆ ಮೊಹರು ಹಾಕಿಸಿಕೊಂಡು ಬನ್ನಿ. ಸೈಕಲ್ ಯೋಜನೆ ಕೊರೊನಾ ಕಾಲದಲ್ಲಿ ನಿಂತಿತು. ಅದು ನಿಂತಾಗ ನಾವು ಕೇಳಲಿಲ್ಲ, ಅದೂ ನಮ್ಮ ತಪ್ಪೇ.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು, ಯಾಕೆಂದರೆ ಸರ್ಕಾರವನ್ನು ಬೈದು ತಪ್ಪಿಸಿಕೊಳ್ಳಲಿಕ್ಕಾಗುವುದಿಲ್ಲ. ಎಡೆ ಹೊಡೆಯಲು, ಕಳೆ ತೆಗೆಯಲು, ಬೀಜೋತ್ಪಾದನೆಯ ಹತ್ತಿ ಹೊಲದಲ್ಲಿ ಕ್ರಾಸಿಂಗ್ ಮಾಡಲು ಮಕ್ಕಳನ್ನು ಬಿಡಿಸಬೇಡಿ. "ಎರಡೇ ದಿನ" ಅಂತ ಶುರುವಾಗುತ್ತದೆ. ಎರಡು ದಿನ ಹೋದ ಪಾಠ ಹುಡುಗನಿಗೆ ಅರ್ಥವಾಗುವುದಿಲ್ಲ, ಅರ್ಥವಾಗದ ಕ್ಲಾಸಿಗೆ ಹೋಗಲು ಅವನಿಗೇ ಮನಸ್ಸಿರುವುದಿಲ್ಲ. ಶಿಕ್ಷಣ ಹಕ್ಕು ಕಾಯಿದೆ ಕಾಯುವುದು ಹದಿನಾಲ್ಕು ವರ್ಷದ ತನಕ, ಎಂಟನೇ ಕ್ಲಾಸಿನ ತನಕ. ಹೈಸ್ಕೂಲಿನ ಮೊದಲ ಮೆಟ್ಟಿಲಲ್ಲೇ ಅದು ಕೈಬಿಡುತ್ತದೆ. ಒಂಬತ್ತು, ಹತ್ತರಲ್ಲಿ ಮಗುವನ್ನು ಹಿಡಿದು ನಿಲ್ಲಿಸುವವರು ತಂದೆತಾಯಿ ಮಾತ್ರ.

ಹತ್ತನೆಯದರಲ್ಲಿ ಫೇಲಾದರೆ ಮಾರನೇ ದಿನವೇ ಬೆಂಗಳೂರಿನ ಬಸ್ಸು ಹತ್ತಿಸಬೇಡಿ. ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡುತ್ತಾರೆ. ಒಂದರಲ್ಲಿ ಹೋದದ್ದನ್ನು ಅದೇ ವರ್ಷ ಇನ್ನೊಂದರಲ್ಲಿ ತೆಗೆಯಬಹುದು. ಮಳೆ ತಪ್ಪಿದರೆ ಮರುಬಿತ್ತನೆ ಮಾಡುವ ನಾವು ಮಕ್ಕಳ ವಿಷಯದಲ್ಲಿ ಒಂದೇ ಸಲಕ್ಕೆ ಹೊಲ ಬೀಳು ಬಿಡುತ್ತೇವಲ್ಲ!

ಇನ್ನು ಸಂಘಟನೆಯ ಕೆಲಸ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿದಾಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಆ ಬೆಂಕಿಯಿಂದ ಎದ್ದ ಚಳವಳಿ ನಮ್ಮಪ್ಪನಂಥವರಿಗೆ ಕಲಿಸಿದ ದೊಡ್ಡ ಪಾಠ ಅಂದರೆ ಸರ್ಕಾರ ಬರೆದ ಲೆಕ್ಕವನ್ನು ತಿರುಗಿಸಿ ಓದುವುದು. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಅಂತ ನಾವು ಕೂಗಿದೆವು. ಆ ಬಾಕಿಯಲ್ಲಿ ಮಕ್ಕಳ ಓದಿನ ಬಾಬ್ತನ್ನೂ ಈಗ ಸೇರಿಸಬೇಕು. ಬೆಳೆಯ ಖರ್ಚು ಲೆಕ್ಕ ಹಾಕುವಾಗ ಸಂಸಾರ ನಡೆಸುವ ಖರ್ಚೂ ಹಿಡಿಯಲಿ. ವಿದ್ಯಾರ್ಥಿವೇತನ ಜೂನ್‌ನಲ್ಲೇ ಕೈಗೆ ಬರಲಿ, ಬಿತ್ತಿದ ಮೇಲೆ ಬೀಜ ಕೊಟ್ಟರೆ ಯಾರಿಗೆ ಬೇಕು? ಶಿಕ್ಷಣ ಹಕ್ಕು ಹತ್ತನೇ ಕ್ಲಾಸಿನ ತನಕ ಬರಲಿ. ಇವನ್ನು ನಿಮ್ಮ ಗ್ರಾಮ ಘಟಕದ ಮುಂದಿನ ಸಭೆಯಲ್ಲಿ ಠರಾವು ಮಾಡಿ ತಹಶೀಲ್ದಾರರಿಗೆ ಕೊಡಿ.

ಕೊನೆಗೊಂದು ಮಾತು. ಅವತ್ತು ಮನೇಲಿರು ಅಂದೆನಲ್ಲ, ಆ ಮಗಳ ಮಗಳು ಈ ಜೂನ್‌ಗೆ ಎಂಟನೇ ಕ್ಲಾಸು. ಮೊನ್ನೆ ಮಗಳು ಊರಿಗೆ ಬಂದಿದ್ದಳು. ನಾನು ಜಗಲಿ ಮೇಲೆ ಕೂತು ಬೀಜ ಎಷ್ಟು, ಡಿಎಪಿ ಎಷ್ಟು ಚೀಲ ಅಂತ ಬರೀತಿದ್ದೆ. ಪಕ್ಕದಲ್ಲಿ ಕೂತು ನೋಡಿದಳು. "ಅಪ್ಪಾ, ಮೊದಲನೇ ಸಾಲಿನಲ್ಲಿ ನನ್ನ ಮಗಳ ಶಾಲೆ ಬರಿ. ಗೊಬ್ಬರ ಆಮೇಲೆ ಬರಿ" ಅಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಏನಾದರೂ ಉತ್ತರ ಹೇಳುತ್ತಿದ್ದೆನೇನೋ. ಹಾಳೆ ಹರಿದು ಹೊಸದಾಗಿ ಬರೆದೆ.

ನೀವೂ ಈ ಸಂಜೆ ಒಂದು ಹಾಳೆ ತಗೊಂಡು ಹಾಗೇ ಬರೆಯಿರಿ.