ಅಡಿಕೆಯ ಅಣುವೂ ಔಷಧದ ಮಾರುಕಟ್ಟೆಯೂ

ಅಡಿಕೆಯಲ್ಲಿನ ಅಣುವೊಂದನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2024ರ ಸೆಪ್ಟೆಂಬರ್ 26ರಂದು ಅನುಮತಿ ನೀಡಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ಅಡಿಕೆ ವರ್ತಕರಲ್ಲಿ ಇಂಥ ವಾರ್ತೆ ಆಶೆ ಮೂಡಿಸುವುದು ಸಹಜ. ಆದರೆ ಇದನ್ನು ನಂಬಿ ಸಾಲದ ಹಣದಲ್ಲಿ ದಾಸ್ತಾನು ಹಿಡಿದಿಡುವುದು ತರವಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಕಾರಣವನ್ನು ಲೆಕ್ಕಪತ್ರದ ದೃಷ್ಟಿಯಿಂದಲೇ ವಿವೇಚಿಸೋಣ.

ವರ್ತಕನಿಗಿರುವಂತೆ ಜೀವಕೋಶಕ್ಕೂ ಗ್ರಾಹಕಗಳಿವೆ. ರಿಸೆಪ್ಟರ್ ಎಂದು ವೈದ್ಯರು ಕರೆಯುವ ಈ ಪ್ರೋಟೀನುಗಳು ತಮಗೆ ಒಪ್ಪುವ ಅಣು ಬಂದು ಸೇರಿದಾಗ ಕೋಶದೊಳಕ್ಕೆ ಸಂದೇಶ ಕಳುಹಿಸುತ್ತವೆ. ರಕ್ತದೊತ್ತಡದ ಟೆಲ್ಮಿಸಾರ್ಟಾನ್, ಅಲರ್ಜಿಯ ಸೆಟ್ರಿಜಿನ್, ಮಧುಮೇಹದ ಸೆಮಾಗ್ಲುಟೈಡ್ ಇವೆಲ್ಲವೂ ಒಂದಲ್ಲ ಒಂದು ಗ್ರಾಹಕವನ್ನು ಗುರಿಯಾಗಿಸಿಕೊಂಡವು. ಬಳಕೆಯಲ್ಲಿರುವ ಔಷಧಗಳ ಪೈಕಿ ಸುಮಾರು ಮೂರನೆಯ ಒಂದು ಭಾಗವು ಜಿ-ಪ್ರೋಟೀನ್ ಗ್ರಾಹಕಗಳೆಂಬ ಒಂದೇ ಕುಟುಂಬದ ಮೇಲೆ ಕೆಲಸ ಮಾಡುತ್ತದೆ. ಈ ಮಾರುಕಟ್ಟೆಯ ವಿಸ್ತಾರವನ್ನು ಇದರಿಂದಲೇ ಊಹಿಸಬಹುದು.

ಅಡಿಕೆಯಲ್ಲಿರುವ ಅರೆಕೋಲಿನ್ ಇದೇ ಕುಟುಂಬದ ಮಸ್ಕರಿನಿಕ್ ಗ್ರಾಹಕಗಳನ್ನು ಪ್ರಚೋದಿಸುತ್ತದೆ. ಅಡಿಕೆ ಜಗಿದಾಗ ಜೊಲ್ಲೂರುವುದೂ ಬೆವರುವುದೂ ಇದರಿಂದಲೇ. ಅದರ ರಚನೆಯನ್ನು ಮಾರ್ಪಡಿಸಿ ರೂಪಿಸಿದ ಝನೋಮೆಲಿನ್ ಅನ್ನು 1990ರ ದಶಕದಲ್ಲಿ ಎಲಿ ಲಿಲ್ಲಿ ಕಂಪನಿಯು ಮರೆವಿನ ರೋಗಕ್ಕಾಗಿ ಪರೀಕ್ಷಿಸಿತು. ವಾಂತಿ ಮೊದಲಾದ ಅಡ್ಡಪರಿಣಾಮಗಳು ತೊಡಕಾದವು. ಬಳಿಕ ಕರುಣಾ ಥೆರಪ್ಯೂಟಿಕ್ಸ್ ಎಂಬ ಅಮೆರಿಕದ ಕಂಪನಿಯು, ಮೆದುಳಿನ ಹೊರಗಿನ ಪರಿಣಾಮವನ್ನು ತಡೆಯುವ ಟ್ರಾಸ್ಪಿಯಂ ಅನ್ನು ಅದರೊಂದಿಗೆ ಬೆರೆಸಿ ಸ್ಕಿಜೋಫ್ರೇನಿಯಾಕ್ಕೆ ಔಷಧ ಸಿದ್ಧಪಡಿಸಿತು. ಇದುವೇ ಕೋಬೆನ್ಫಿ.

ಈ ಕಂಪನಿಯನ್ನು ಬ್ರಿಸ್ಟಲ್ ಮಯರ್ಸ್ ಸ್ಕ್ವಿಬ್ ಸಂಸ್ಥೆಯು 2024ರಲ್ಲಿ 1,400 ಕೋಟಿ ಡಾಲರ್, ಅಂದರೆ ಒಂದು ಲಕ್ಷ ಕೋಟಿ ರೂಪಾಯಿಗೂ ಮಿಗಿಲಾದ ಮೊತ್ತಕ್ಕೆ ಖರೀದಿಸಿತು. ಅಷ್ಟು ಹಣ ಸಂದದ್ದು ಪೇಟೆಂಟಿಗೆ, ಪರೀಕ್ಷೆಯ ದಾಖಲೆಗಳಿಗೆ, ತಜ್ಞತೆಗೆ. ಔಷಧದ ಅಣು ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಾಗುತ್ತದೆ. ಅದಕ್ಕೆ ಒಂದು ಚೀಲ ರಾಶಿ ಅಡಿಕೆಯೂ ಬೇಡ. ಅದೂ ಅಲ್ಲದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದ ಔಷಧವಾಯಿತೆಂಬ ವಾದದಿಂದ ಆ ನಿರ್ಣಯ ಅಳಿಸಿಹೋಗದು.

ಹಾಗಾದರೆ ಈ ಮಾರುಕಟ್ಟೆಯಲ್ಲಿ ನಮಗೆ ಪಾಲಿಲ್ಲವೇ? ಇದೆ, ಆದರೆ ಬೇರೆ ಬಾಗಿಲಿನಲ್ಲಿ. ಭಾರತದಲ್ಲಿ ಪೇಟೆಂಟಿನ ಅವಧಿ 20 ವರ್ಷ. ಅದು ಮುಗಿದೊಡನೆ ಹಲವು ತಯಾರಕರು ಜೆನೆರಿಕ್ ಮಾತ್ರೆ ತಯಾರಿಸಲು ಮುಂದಾಗುತ್ತಾರೆ. ಟೆಲ್ಮಿಸಾರ್ಟಾನ್ ಜೆನೆರಿಕ್ ರೂಪದಲ್ಲಿ ಜನಔಷಧಿ ಅಂಗಡಿಯವರೆಗೂ ಬಂದಿದೆ. ಆ ಮಾತ್ರೆಯಲ್ಲಿ ಔಷಧವಿರುವುದು 40 ಅಥವಾ 80 ಮಿಲಿಗ್ರಾಂ. ಉಳಿದುದು ಪೂರಕ ಪದಾರ್ಥ. ಮಾತ್ರೆಗಳಿಗೆ ಆಕಾರ ನೀಡಲು, ಹೊಟ್ಟೆಯಲ್ಲಿ ಅವು ಕರಗುವಂತೆ ಮಾಡಲು ಬಳಸುವ ಪೂರಕಗಳಲ್ಲಿ ಮೆಕ್ಕೆಜೋಳದ ಪಿಷ್ಟವು ಪ್ರಮುಖವಾದುದು.

ಜಗಳೂರು ಸೀಮೆಯ ಮುಖ್ಯ ಬೆಳೆಯೇ ಮೆಕ್ಕೆಜೋಳ. ಆದರೆ ಒದ್ದೆ ಕಾಳನ್ನು ಹಾಗೆಯೇ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅಂಥ ಮಾಲನ್ನು ಔಷಧ ದರ್ಜೆಯ ಪಿಷ್ಟದ ತಯಾರಕರು ಕಣ್ಣೆತ್ತಿಯೂ ನೋಡರು. ತೇವಾಂಶವನ್ನು ಶೇ. 14ರೊಳಗೆ ಇರಿಸುವ ಒಣಗಿಸುವ ಯಂತ್ರ, ಎಪಿಎಂಸಿ ಪ್ರಾಂಗಣದಲ್ಲಿಯೇ ಒಂದು ಪರೀಕ್ಷಾ ಕೇಂದ್ರ, ಪ್ರತಿ ಲಾಟಿಗೂ ಪ್ರಮಾಣಪತ್ರ: ಇವಿಷ್ಟನ್ನು ವರ್ತಕರೂ ಸಣ್ಣ ಉದ್ಯಮಿಗಳೂ ಒಗ್ಗೂಡಿ ಸಾಧಿಸಬಹುದು. ವಾಣಿಜ್ಯ ಮಂಡಳಿಯು ಇದಕ್ಕೆ ಮುಂದಾಳಾಗಬೇಕು. ಅಡಿಕೆ ಧಾರಣೆಯ ವದಂತಿಗೆ ಹಣ ಹೂಡುವುದಕ್ಕಿಂತ ಮೆಕ್ಕೆಜೋಳದ ಗುಣಮಟ್ಟಕ್ಕೆ ಹೂಡುವುದೇ ಲೇಸು.