ಕೀಗನ್ ರಾಜೀನಾಮೆ, ನಮ್ಮ ರಾಜೀನಾಮೆ

ಸೋಮವಾರ ಬೆಳಗ್ಗೆ ನಮ್ಮ ಆಫೀಸಿನ ಕ್ಯಾಂಟೀನಿಗೆ ಬಂದು ನೋಡಿ. ವಾರಾಂತ್ಯದಲ್ಲಿ ಇಂಗ್ಲೆಂಡಿನ ಯಾವುದೋ ಫುಟ್‌ಬಾಲ್ ತಂಡ ಸೋತಿರುತ್ತೆ. ಇಲ್ಲಿ ಬೆಂಗಳೂರಲ್ಲಿ ನಾಲ್ಕು ಜನ ಇಡ್ಲಿ ತಿನ್ನುತ್ತಾ ಅದರ ಮ್ಯಾನೇಜರನ್ನು ಕೆಲಸದಿಂದ ತೆಗೀತಿರ್ತಾರೆ. ಆ ನಾಲ್ವರಲ್ಲಿ ನಾನೂ ಒಬ್ಬ. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ. ಆದರೆ ಮಾತು 'ನಿಷ್ಠೆ'ಯ ಕಡೆ ತಿರುಗಿದ ಕೂಡಲೇ ನನಗೆ ಮೈ ಉರಿಯುತ್ತೆ.

ಲೆಸ್ಟರ್ ಸಿಟಿಯ ಕ್ಲಾಡಿಯೊ ರಾನಿಯೇರಿ ಹೆಸರು ಬಂದರಂತೂ ಮುಗೀತು. 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟ ಮನುಷ್ಯ. ಆ ಸೀಸನ್ ಶುರುವಾದಾಗ ಬಾಜಿಯವರು ಲೆಸ್ಟರ್ ಗೆದ್ದರೆ ಒಂದಕ್ಕೆ 5000 ಕೊಡ್ತೀವಿ ಅಂದಿದ್ದರು! ಗೆದ್ದು ಒಂಬತ್ತು ತಿಂಗಳಿಗೆ, 2017ರ ಫೆಬ್ರವರಿ 23ಕ್ಕೆ, ಕ್ಲಬ್ ಅವನನ್ನು ಮನೆಗೆ ಕಳಿಸಿತು. ಹದಿನಾರು ದಿನ ಮುಂಚೆ ಅದೇ ಕ್ಲಬ್ ಅವನಿಗೆ ಅಚಲ ಬೆಂಬಲವಿದೆ ಅಂತ ಹೇಳಿಕೆ ಹೊರಡಿಸಿತ್ತು.

ಒಬ್ಬ ಇದು ನಂಬಿಕೆದ್ರೋಹ ಅಂತಾನೆ. ಇನ್ನೊಬ್ಬ, ದ್ರೋಹ ಎಲ್ಲಿಂದ ಬಂತು, ತೆಗೆದ ನಾಲ್ಕೇ ದಿನಕ್ಕೆ ಲಿವರ್‌ಪೂಲನ್ನು 3-1ರಲ್ಲಿ ಹೊಡೆದರಲ್ಲ, ಮುಳುಗುತ್ತಿದ್ದ ತಂಡ 12ನೇ ಸ್ಥಾನಕ್ಕೆ ಬಂತಲ್ಲ ಅಂತಾನೆ. ಸರಿ ಸ್ವಾಮಿ, ಹಾಗೆ ಮೇಲೆತ್ತಿದ ಕ್ರೇಗ್ ಶೇಕ್ಸ್‌ಪಿಯರ್ ಕತೆ ಏನಾಯ್ತು? ಜೂನಿನಲ್ಲಿ ಮೂರು ವರ್ಷದ ಕರಾರು, ಅಕ್ಟೋಬರಿನಲ್ಲಿ ಕೆಲಸ ಹೋಯ್ತು.

ನಿಷ್ಠೆ ಅನ್ನೋದು ನಮ್ಮೂರಲ್ಲಿ ಹೇಗಿತ್ತು ಹೇಳ್ತೀನಿ ಕೇಳಿ. ತಾತನ ಕಾಲದಲ್ಲಿ ಸಂಬಳದಾಳು ಯುಗಾದಿಯಿಂದ ಯುಗಾದಿಗೆ ಇರುತ್ತಿದ್ದ. ಇಷ್ಟು ರಾಗಿ, ಇಷ್ಟು ದುಡ್ಡು, ಒಂದು ಕಂಬಳಿ. ನಡುವೆ ಅವನು ಬಿಟ್ಟು ಹೋದರೆ 'ಉಂಡ ಮನೆಗೆ ಎರಡು ಬಗೆದ' ಅಂತ ಊರೆಲ್ಲಾ ಬೈಯೋದು. ನಡುವೆ ತಾತನೇ ಬಿಡಿಸಿದರೆ? ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಉಪ್ಪಿನ ಋಣ ಆಳಿಗಷ್ಟೇ ಇತ್ತು, ಧಣಿಗೆ ಇರಲಿಲ್ಲ. ಆಳಿನ ಕೈಯಲ್ಲಿ ಕಾಗದವೂ ಇರಲಿಲ್ಲ.

ಕಾಗದ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಕೆವಿನ್ ಕೀಗನ್‌ನನ್ನು ನೋಡಿ. ನ್ಯೂಕ್ಯಾಸಲ್ ಜನ ಅವನನ್ನು ದೇವರ ಹಾಗೆ ಕಂಡವರು. 2008ರಲ್ಲಿ ಮತ್ತೆ ಮ್ಯಾನೇಜರ್ ಆಗಿ ಬಂದಾಗ, ಯಾವ ಆಟಗಾರನನ್ನು ತರಬೇಕು ಅನ್ನೋದರಲ್ಲಿ ಕೊನೆಯ ಮಾತು ಅವನದು ಅಂತ ಕ್ಲಬ್ ಊರಿಗೆಲ್ಲಾ ಹೇಳಿತ್ತು. ಆಮೇಲೆ ಅವನು ಬೇಡ ಅಂದರೂ ಇಗ್ನಾಸಿಯೊ ಗೊನ್ಸಾಲೆಸ್ ಅನ್ನೋ ಆಟಗಾರನನ್ನು ಸಾಲದ ಮೇಲೆ ತಂದರು. ಆಟ ನೋಡಬೇಕಾದರೆ ಯೂಟ್ಯೂಬಿನಲ್ಲಿ ನೋಡಿಕೋ ಅಂದರು. ಕೀಗನ್ ಆ ಸೆಪ್ಟೆಂಬರಿನಲ್ಲೇ ರಾಜೀನಾಮೆ ಬಿಸಾಕಿ ಹೋದ.

ಗಮನಿಸಿ, ಅವನನ್ನು ಯಾರೂ ತೆಗೆಯಲಿಲ್ಲ. ತಾನೇ ಬಿಟ್ಟ. ಆದರೂ 2009ರಲ್ಲಿ ಪ್ರೀಮಿಯರ್ ಲೀಗಿನ ನ್ಯಾಯಮಂಡಳಿ ಇದನ್ನು ವಜಾ ಎಂದೇ ತೀರ್ಮಾನಿಸಿತು. ಕರಾರು ಮುರಿದು, ಮರ್ಯಾದಸ್ಥ ಇರಲಾರದ ಹಾಗೆ ಮಾಡಿದ್ದು ಕ್ಲಬ್. ಹಾಗಾಗಿ ಕೈ ಅವನದಾದರೂ ಕೆಲಸ ಕಳೆದದ್ದು ಕ್ಲಬ್. ಕೊನೆಯ ಮಾತು ಅವನದು ಅಂತ ಹೇಳಿದ್ದು ಬರೀ ಪ್ರಚಾರಕ್ಕೆ ಅಂತ ಕ್ಲಬ್ಬೇ ಅಲ್ಲಿ ವಾದಿಸಿತು! ಪರಿಹಾರ 20 ಲಕ್ಷ ಪೌಂಡ್. ಅವನು ಕೇಳಿದ್ದು ಅದಕ್ಕಿಂತ ತುಂಬಾ ಜಾಸ್ತಿ, ಆದರೆ ಕರಾರಿನಲ್ಲಿ ಇದ್ದ ಮೊತ್ತ ಅಷ್ಟೇ. ಕಾಗದ ಎರಡೂ ಕಡೆ ಕೊಯ್ಯುತ್ತೆ.

'ಅವರೆಲ್ಲ ಕೋಟ್ಯಧೀಶರು ಮಾರಾಯ, ನಮಗೂ ಅವರಿಗೂ ಏನು ಸಂಬಂಧ' ಅಂತೀರಿ. ಇರಲಿ. 2018ರಲ್ಲಿ ಚೆಲ್ಸೀ ತೆಗೆದ ಆಂಟೋನಿಯೊ ಕಾಂಟೆ ಮತ್ತವನ ಸಹಾಯಕರಿಗೆ, ವಕೀಲರ ಖರ್ಚೂ ಸೇರಿ, ಕ್ಲಬ್ಬಿಗೆ ಬಿದ್ದದ್ದು 2.66 ಕೋಟಿ ಪೌಂಡ್. ಅಷ್ಟು ದುಡ್ಡಿನ ಗಿರಾಕಿಗಳೇ ಕಾಗದ ಓದಿ ಸಹಿ ಹಾಕ್ತಾರೆ, ವಕೀಲರನ್ನು ಇಟ್ಕೋತಾರೆ. ಹೋಮ್ ಲೋನ್ ಕಟ್ಟೋ ನಾವು ಆಫರ್ ಲೆಟರಿನಲ್ಲಿ ಸಂಬಳದ ಪುಟ ಮಾತ್ರ ನೋಡಿ 'ಐ ಅಗ್ರೀ' ಒತ್ತುತ್ತೀವಿ.

ಕೆಲವು ವರ್ಷದ ಹಿಂದೆ ನನ್ನ ಪಕ್ಕದ ಸೀಟಿನವನನ್ನು ಮೀಟಿಂಗ್ ರೂಮಿಗೆ ಕರೆದರು. ಏಳು ವರ್ಷ ದುಡಿದವನು. ಇವತ್ತು ಸಂಜೆಯೊಳಗೆ ಪೋರ್ಟಲಿನಲ್ಲಿ ನೀನೇ ರಾಜೀನಾಮೆ ಹಾಕು, ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ. ಇಲ್ಲಾಂದ್ರೆ ನಾವೇ ತೆಗೀತೀವಿ, ಮುಂದೆ ಕೆಲಸ ಸಿಗೋದು ಕಷ್ಟ ಅಂದರು. ಹಾಕಿದ. ಕಾರಣದ ಜಾಗದಲ್ಲಿ 'ವೈಯಕ್ತಿಕ' ಅಂತ ಆರಿಸಿಕೊಳ್ಳಲು ಎಚ್‌ಆರ್‌ನವರೇ ಹೇಳಿಕೊಟ್ಟರು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆ ಪ್ರಕಾರ, ವರ್ಷ ದುಡಿದ ಕಾರ್ಮಿಕನನ್ನು ಕೆಲಸ ಕಡಿತ ಅಂತ ತೆಗೆದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಕೊಡಬೇಕು. ಸಾಫ್ಟ್‌ವೇರ್‌ನವನು 'ಕಾರ್ಮಿಕ'ನೇ ಅಲ್ಲವೇ ಅನ್ನೋ ಜಗಳ ಬೇರೆ. ಆ ಜಗಳಕ್ಕೆ ನಿಲ್ಲಬೇಕಾದರೂ ಮೊದಲು ಅವನನ್ನು ತೆಗೆದಿರಬೇಕಲ್ಲ? ಕಾಗದದಲ್ಲಿ ಅವನು ತಾನಾಗಿ ಹೋದವನು. ಅಲ್ಲಿ ಕೀಗನ್ ಕೊಟ್ಟ ರಾಜೀನಾಮೆಯನ್ನು ವಜಾ ಅಂದರು. ಇಲ್ಲಿ ವಜಾ ಮಾಡಿ ರಾಜೀನಾಮೆ ಅಂತ ಬರೆಸಿಕೊಂಡರು.

ಮಾರನೇ ದಿನ ಕ್ಯಾಂಟೀನಿನಲ್ಲಿ ಯಾರೋ ಅವನ ಬಗ್ಗೆ ಕೇಳಿದಾಗ ನಾನು ಅಂದಿದ್ದು: 'ಪರ್ಫಾರ್ಮೆನ್ಸ್ ಇರಲಿಲ್ಲ ಬಿಡ್ರೀ.' ಅದು ಸುಳ್ಳು ಅಂತ ನನಗೆ ಗೊತ್ತಿತ್ತು.

ಹೋದ ತಿಂಗಳು ಅವನೇ ಫೋನ್ ಮಾಡಿದ. ಹೊಸ ಕಡೆ ಆಫರ್ ಬಂದಿದೆ, ಹದಿನಾಲ್ಕು ಪುಟ ಇದೆ, ಜೊತೆಗೆ ಕೂತು ಓದೋಣ ಬಾ ಅಂದ. ಭಾನುವಾರ ಸಂಜೆ ಹೋದೆ. ಟಿವಿಯಲ್ಲಿ ಮ್ಯಾಚ್ ಸದ್ದಿಲ್ಲದೆ ಓಡುತ್ತಿತ್ತು. ನೋಟಿಸ್ ಅವಧಿ ಅವನ ಕಡೆಯಿಂದ 90 ದಿನ, ಅವರ ಕಡೆಯಿಂದ 30 ದಿನ ಅನ್ನೋ ಸಾಲು ಸಿಗುವಷ್ಟರಲ್ಲಿ ಹಾಫ್ ಟೈಮ್ ಆಗಿತ್ತು. ಅಲ್ಲಿಗೇ ನಿಲ್ಲಿಸಿ ಮೇಲ್ ಬರೆದೆವು: ಎರಡೂ ಕಡೆ ಒಂದೇ ಮಾಡಿ.