ನೀರು ಹಾಯಿಸಿದರೆ ಸಾಲದು, ಬಸಿಯಲೂ ಬೇಕು

ಕಾಲುವೆ ನೀರು ಬಂದ ಹೊಸತರಲ್ಲಿ ಬಂಗಾರದಂಥ ಬೆಳೆ ಕೊಟ್ಟ ಹೊಲ ಕ್ರಮೇಣ ಜವುಳು ಹಿಡಿದು, ಮೇಲೆ ಬಿಳಿ ಉಪ್ಪು ಕಟ್ಟಿ ಪಾಳು ಬೀಳುವುದನ್ನು ತುಂಗಭದ್ರಾ, ಕೃಷ್ಣಾ, ಮಲಪ್ರಭಾ, ಘಟಪ್ರಭಾ ಅಚ್ಚುಕಟ್ಟಿನ ರೈತರು ಕಣ್ಣಾರೆ ಕಂಡಿದ್ದಾರೆ. ಇದು ಹಣೆಬರಹವೆಂದು ಕೈಚೆಲ್ಲಿ ಕುಳಿತವರೂ ಇದ್ದಾರೆ. ಅಂಥವರು ಜಾನ್ ಜಾನ್‌ಸ್ಟನ್ ಎಂಬ ರೈತನ ಕಥೆಯನ್ನು ತಿಳಿಯುವುದು ಒಳ್ಳೆಯದು.

ಜಾನ್‌ಸ್ಟನ್ ಸ್ಕಾಟ್ಲೆಂಡಿನವನು. 1791ರಲ್ಲಿ ಹುಟ್ಟಿದ ಈತ 1821ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಿನ ಹತ್ತಿರ, ಸೆನೆಕಾ ಸರೋವರದ ದಂಡೆಯಲ್ಲಿ 112 ಎಕರೆ ಜಮೀನು ಕೊಂಡ. ಅದು ಜಿಗುಟು ಎರೆಯ ನೆಲ. ಬಿದ್ದ ನೀರು ಕೆಳಗಿಳಿಯದೆ ನಿಲ್ಲುತ್ತಿತ್ತು. ಬೇರಿಗೆ ಗಾಳಿ ಸಿಗುತ್ತಿರಲಿಲ್ಲ. ಚಳಿಗಾಲದಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಗೋಧಿಯ ಬೇರು ಕಿತ್ತು ಪೈರು ಸಾಯುತ್ತಿತ್ತು.

ತನ್ನ ನಾಡಿನಲ್ಲಿ ನೆಲದೊಳಗೆ ಸುಟ್ಟ ಮಣ್ಣಿನ ಹೆಂಚು ಹೂತು ನೀರು ಬಸಿಯುವ ಪದ್ಧತಿಯನ್ನು ಆತ ಬಲ್ಲವನಾಗಿದ್ದ. 1835ರಲ್ಲಿ ಸ್ಕಾಟ್ಲೆಂಡಿನಿಂದ ಹೆಂಚಿನ ಮಾದರಿ ತರಿಸಿದ. ಪಕ್ಕದ ವಾಟರ್‌ಲೂ ಊರಿನ ಕುಂಬಾರನಿಂದ ಅದೇ ತೆರನ ಹೆಂಚು ಕೈಯಲ್ಲಿ ಮಾಡಿಸಿ, 1838ರಲ್ಲಿ ಹೊಲದಲ್ಲಿ ಹೂಳಿಸಿದ. ಅಮೆರಿಕದಲ್ಲಿ ಹೆಂಚಿನ ಬಸಿಗಾಲುವೆಗೆ ನಾಂದಿ ಹಾಡಿದವನು ಈತನೇ ಎಂದು ಪ್ರಸಿದ್ಧಿ. ಮಡಕೆ ಕುಡಿಕೆಯನ್ನು ಮಣ್ಣಲ್ಲಿ ಹೂಳುತ್ತಾನೆಂದು ನೆರೆಯವರು ನಕ್ಕರು.

ನಗು ಬಹುಕಾಲ ಉಳಿಯಲಿಲ್ಲ. ಎಕರೆಗೆ ಸುಮಾರು 12 ಬುಷೆಲ್ ಬರುತ್ತಿದ್ದ ಗೋಧಿ ಬಸಿದ ನೆಲದಲ್ಲಿ 60 ಬುಷೆಲ್ ಮುಟ್ಟಿತೆಂದು ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಇದು ಮೂರೂಕಾಲು ಕ್ವಿಂಟಾಲಿನಿಂದ ಹದಿನಾರು ಕ್ವಿಂಟಾಲು! 1848ರಲ್ಲಿ ನೆರೆಯ ಜಮೀನುದಾರರೊಬ್ಬರು ಇಂಗ್ಲೆಂಡಿನಿಂದ ಹೆಂಚು ಮಾಡುವ ಯಂತ್ರ ತರಿಸಿದ ಮೇಲೆ ಖರ್ಚು ತಗ್ಗಿ, ಪದ್ಧತಿ ಊರೂರಿಗೆ ಹಬ್ಬಿತು. ಜಾನ್‌ಸ್ಟನ್ ಮಾತ್ರ ಒಂದೇ ಸಲಕ್ಕೆ ಎಲ್ಲ ಮಾಡಿದವನಲ್ಲ. ವರ್ಷ ವರ್ಷ ತುಸುತುಸುವಾಗಿ ಸಾಗಿ, ಕೊನೆಗೆ 320 ಎಕರೆಯಲ್ಲಿ 72 ಮೈಲಿ ಹೆಂಚಿನ ಸಾಲು ಹೂಳಿಸಿದ್ದ. ಪಕ್ಕದ ರೋಸ್ ಹಿಲ್ ಜಮೀನಿನ ಒಡೆಯನಾದ ಅವನ ಅಳಿಯನೂ ಮಾವನ ದಾರಿ ಹಿಡಿದ. 1880ರಲ್ಲಿ ಜಾನ್‌ಸ್ಟನ್ ತೀರಿಕೊಂಡಾಗ ನಕ್ಕವರ ಮಕ್ಕಳೇ ಹೆಂಚು ಹೂಳುತ್ತಿದ್ದರು.

ಅವನ ನೆಲದ ರೋಗ ಚಳಿ ಮತ್ತು ನೀರು. ನಮ್ಮದು ನೀರು ಮತ್ತು ಉಪ್ಪು. ಮಿತಿಮೀರಿ ನೀರು ಹಾಯಿಸಿದಾಗ ಅಂತರ್ಜಲ ಮೇಲೇರುತ್ತದೆ. ಅದು ಬೇರಿನ ಮಟ್ಟಕ್ಕೆ ಬಂದಾಗ ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ಲಘು ನೀರಾವರಿ ಬೆಳೆಗೆಂದು ಗೊತ್ತುಪಡಿಸಿದ ಜಮೀನಿನಲ್ಲಿ ಭತ್ತ ನಾಟಿ ಮಾಡಿದವರಿಂದ ತಗ್ಗಿನ ಹೊಲದವರು ಜವುಳಿಗೆ, ಕೊನೆಯಂಚಿನವರು ನೀರಿಲ್ಲದ ಗೋಳಿಗೆ ಗುರಿಯಾಗುತ್ತಾರೆ. ರೋಗ ಬೇರೆಯಾದರೂ ಮದ್ದಿನ ಮೊದಲ ಗುಟುಕು ಒಂದೇ: ಹೆಚ್ಚಿನ ನೀರಿಗೆ ಹೊರದಾರಿ.

ರೈತ ಬಾಂಧವರು ಗಮನಿಸಬೇಕಾದುದು ಇಷ್ಟು. ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ. ಸವುಳು ಬೇರೆ, ಕರಲು ಬೇರೆ. ಜಿಪ್ಸಮ್ ಬೇಕಾದುದು ಕರಲಿಗೆ. ಬಸಿಯುವ ದಾರಿ ಮಾಡದೆ ಜಿಪ್ಸಮ್ ಸುರಿದರೆ ಹಣ ನೀರುಪಾಲು. ಊರ ಹಳ್ಳ, ಬಸಿಗಾಲುವೆಗಳ ಹೂಳು ತೆಗೆಸಿರಿ, ಒತ್ತುವರಿ ಬಿಡಿಸಿರಿ. ತೆರೆದ ಬಸಿಗಾಲುವೆಯಿಂದ ಆಗದಿದ್ದಲ್ಲಿ ನೆಲದೊಳಗಿನ ಬಸಿಗಾಲುವೆ ಹಾಕಿಸಬಹುದು. ಈಗ ಹೆಂಚಿನ ಬದಲು ತೂತುಳ್ಳ ಪ್ಲಾಸ್ಟಿಕ್ ಕೊಳವೆ ಬಂದಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಜಮೀನಿನ ಸುಧಾರಣೆಯ ಕೆಲಸ ನಡೆದಿದೆ, ಹೋಗಿ ವಿಚಾರಿಸಿರಿ. ನೀರು ಬಸಿದು ಉಪ್ಪು ತೊಳೆದ ಮೇಲೆ ಡಯಾಂಚ ಬೆಳೆದು ಹೂವಾಡುವ ಮೊದಲೇ ಮಣ್ಣಿಗೆ ಸೇರಿಸಿರಿ.

ಒಂದು ಮಾತು ಉಳಿದಿದೆ. ಬಸಿದ ನೀರು ಪಕ್ಕದವನ ಹೊಲ ದಾಟಿಯೇ ಹಳ್ಳ ಸೇರಬೇಕು. ಬದುವಿನ ಜಗಳ ಬಿಟ್ಟು ನಾಲ್ಕು ಮಂದಿ ಕೂಡಿ ತೋಡದ ಹೊರತು ಒಬ್ಬನ ಕಾಲುವೆ ಇನ್ನೊಬ್ಬನ ಕೆರೆಯಾಗುತ್ತದೆ. ಸರ್ಕಾರ ನೀರು ತಂದುಕೊಟ್ಟಿದೆ; ಅದನ್ನು ಹಿತಮಿತವಾಗಿ ಬಳಸಿ, ಹೆಚ್ಚಾದುದನ್ನು ಹೊರಗೆ ಕಳಿಸುವುದು ನಮ್ಮ ಹೊಣೆ. ಹಾಗೆ ಮಾಡದಿದ್ದರೆ ಮಕ್ಕಳಿಗೆ ಬಿಟ್ಟುಹೋಗುವುದು ಭೂಮಿಯಲ್ಲ, ಬರೀ ಪಹಣಿ ಪತ್ರ.